ಇಂಗ್ಲಿಷಿನಲ್ಲಿ ಎರಡು ಸ್ಪೆಲ್ಲಿಂಗೂ ಸರಿ ಇದ್ದಾಗ ಯಾವುದನ್ನು ಉಳಿಸಿಕೊಳ್ಳಬೇಕು?

ಅಲ್ಪವಿರಾಮ:
ಐದಾರು ಜನ ಬರೆದ ಅಧ್ಯಾಯಗಳನ್ನು ಒಟ್ಟುಗೂಡಿಸಿ ಇಂಗ್ಲಿಷಿನಲ್ಲಿ ಒಂದು ತಾಂತ್ರಿಕ ಕೈಪಿಡಿ ಮಾಡಬೇಕಿದೆ. ಕಲರ್ ಪದಕ್ಕೆ ಒಂದು ಅಧ್ಯಾಯದಲ್ಲಿ ಯು ಇದೆ, ಇನ್ನೊಂದರಲ್ಲಿಲ್ಲ. ಆರ್ಗನೈಸ್ ಎಸ್‌ನಲ್ಲೂ ಇದೆ, ಜೆಡ್‌ನಲ್ಲೂ ಇದೆ. ಜಜ್‌ಮೆಂಟ್‌ನಲ್ಲಿ ಜಿ ಆದಮೇಲೆ ಕೆಲವರು ಇ ಹಾಕಿದ್ದಾರೆ, ಕೆಲವರು ಬಿಟ್ಟಿದ್ದಾರೆ. ನಿಘಂಟು ನೋಡಿದರೆ ಎಲ್ಲವೂ ಸರಿಯಂತೆ. ವರ್ಡ್ ಮಾತ್ರ ಒಂದೇ ಪದಕ್ಕೆ ಒಂದು ಪುಟದಲ್ಲಿ ಕೆಂಪು ಗೆರೆ ಎಳೆದು ಇನ್ನೊಂದು ಪುಟದಲ್ಲಿ ಸುಮ್ಮನಿರುತ್ತದೆ. ಬ್ರಿಟಿಷ್ ಇಂಗ್ಲಿಷ್ ಇರಲಿ ಅಂತ ತೀರ್ಮಾನವಾಗಿದೆ. ಹಾಗಾದರೆ ಜೆಡ್‌ಗಳನ್ನೆಲ್ಲ ಎಸ್ ಮಾಡಲೇಬೇಕಾ? ರಿಪ್ಲೇಸ್ ಆಲ್ ಒತ್ತಿ ಮುಗಿಸಬಹುದಾ?

ನೀಲಿಪೆನ್ನು:
ಮಾಡಲೇಬೇಕು ಅಂತೇನಿಲ್ಲ. ಜೆಡ್ ಕಂಡರೆ ಅಮೆರಿಕನ್ ಅಂತ ತಿಳಿಯುವುದು ಅರ್ಧ ಸತ್ಯ. ಆಕ್ಸ್‌ಫರ್ಡ್ ನಿಘಂಟು ಆರ್ಗನೈಸ್, ರಿಯಲೈಸ್, ರೆಕಗ್ನೈಸ್ ಮೂರಕ್ಕೂ ಜೆಡ್ಡನ್ನೇ ಮೊದಲು ಕೊಡುತ್ತದೆ, ಏಕೆಂದರೆ ಈ ಪ್ರತ್ಯಯದ ಮೂಲ ಗ್ರೀಕ್, ಅಲ್ಲಿ ಇರುವುದು ಜೆಡ್ ಧ್ವನಿ. ಎಸ್ ಬಂದದ್ದು ಫ್ರೆಂಚ್ ದಾರಿಯಲ್ಲಿ. ವಿಶ್ವಸಂಸ್ಥೆಯೂ ಆಕ್ಸ್‌ಫರ್ಡ್ ಪದ್ಧತಿಯನ್ನೇ ಅನುಸರಿಸುತ್ತದೆ. ಇಂಟರ್‌ನ್ಯಾಷನಲ್ ಲೇಬರ್ ಆರ್ಗನೈಸೇಷನ್ ಹೆಸರನ್ನು ಗಮನಿಸಿ: ಲೇಬರ್‌ನಲ್ಲಿ ಯು ಇದೆ, ಪಕ್ಕದಲ್ಲೇ ಆರ್ಗನೈಸೇಷನ್‌ನಲ್ಲಿ ಜೆಡ್ ಇದೆ. ಅದು ಕಲಬೆರಕೆಯಲ್ಲ, ಶುದ್ಧ ಆಕ್ಸ್‌ಫರ್ಡ್.

ಆದರೂ ಹಲವರು ಬರೆದ ಪುಸ್ತಕಕ್ಕೆ ನನ್ನ ಮತ ಎಸ್‌ಗೇ. ಜೆಡ್ ಆರಿಸಿಕೊಂಡರೆ ಎಂದೂ ಜೆಡ್ ತೆಗೆದುಕೊಳ್ಳದ ಪದಗಳ ಉದ್ದನೆಯ ಪಟ್ಟಿ ತಲೆಯಲ್ಲಿರಬೇಕು: ಅಡ್ವೈಸ್, ಅಡ್ವರ್ಟೈಸ್, ಕಾಂಪ್ರಮೈಸ್, ಎಕ್ಸರ್‌ಸೈಸ್, ಇಂಪ್ರೊವೈಸ್, ರಿವೈಸ್, ಸೂಪರ್‌ವೈಸ್, ಟೆಲಿವೈಸ್, ಫ್ರಾಂಚೈಸ್, ಡಿಸ್‌ಗೈಸ್... ಇವುಗಳ ಬಾಲ ಆ ಗ್ರೀಕ್ ಪ್ರತ್ಯಯವೇ ಅಲ್ಲ, ಹಾಗಾಗಿ ಅಮೆರಿಕದಲ್ಲೂ ಇವಕ್ಕೆ ಎಸ್ಸೇ. ಅನಲೈಸ್ ಇನ್ನೂ ತರಲೆ. ಅಮೆರಿಕದಲ್ಲಿ ಅದಕ್ಕೆ ಜೆಡ್, ಆಕ್ಸ್‌ಫರ್ಡ್ ಪದ್ಧತಿಯಲ್ಲಿ ಎಸ್. ಅನಾಲಿಸಿಸ್‌ನಲ್ಲಿರುವ ಎಸ್ ಮೂಲಧಾತುವಿನದು, ಪ್ರತ್ಯಯದ್ದಲ್ಲ.

ಎಸ್ ಆರಿಸಿಕೊಂಡರೆ ಕಾಪಾಡಬೇಕಾದ ಕ್ರಿಯಾಪದಗಳು ಬೆರಳೆಣಿಕೆಯಷ್ಟು: ಸೈಜ್, ಸೀಜ್, ಕ್ಯಾಪ್‌ಸೈಜ್ ಇಂಥವು. ಆದರೆ ದಯವಿಟ್ಟು 'ಐ ಜೆಡ್' ಹುಡುಕಿ ಕಣ್ಣುಮುಚ್ಚಿ 'ಐ ಎಸ್' ಮಾಡಬೇಡಿ. ಸಿಟಿಜನ್, ಹೊರೈಜನ್, ಪ್ರೈಜ್ ಎಲ್ಲವೂ ಕೆಡುತ್ತವೆ.

ಸಾಲುಸಂಖ್ಯೆ:
ಕೆಂಪು ಗೆರೆ ಒಂದು ಕಡೆ ಬಂದು ಇನ್ನೊಂದು ಕಡೆ ಬಾರದಿರುವುದಕ್ಕೆ ಕಾರಣ ಪದವಲ್ಲ, ಭಾಷೆಯ ಗುರುತು. ವರ್ಡ್‌ನಲ್ಲಿ ಪಠ್ಯದ ಪ್ರತಿ ತುಣುಕಿಗೂ ಪ್ರೂಫಿಂಗ್ ಭಾಷೆ ಅಂಟಿಕೊಂಡಿರುತ್ತದೆ. ಬೇರೆ ಫೈಲಿನಿಂದ ಪೇಸ್ಟ್ ಮಾಡಿದರೆ ಅದೂ ಜೊತೆಗೆ ಬರುತ್ತದೆ. ಮೊದಲು ಕಂಟ್ರೋಲ್ ಎ ಒತ್ತಿ ಎಲ್ಲ ಆಯ್ಕೆ ಮಾಡಿ, ರಿವ್ಯೂ ಟ್ಯಾಬ್, ಲ್ಯಾಂಗ್ವೇಜ್, ಸೆಟ್ ಪ್ರೂಫಿಂಗ್ ಲ್ಯಾಂಗ್ವೇಜ್‌ಗೆ ಹೋಗಿ ಇಂಗ್ಲಿಷ್ ಯುನೈಟೆಡ್ ಕಿಂಗ್‌ಡಮ್ ಆರಿಸಿ. ಅದೇ ಪೆಟ್ಟಿಗೆಯಲ್ಲಿ ಸ್ಪೆಲ್ಲಿಂಗ್ ತಪಾಸಣೆ ಬೇಡ ಎನ್ನುವ ಚೌಕವಿದೆ, ಅದು ಪೂರ್ತಿ ಖಾಲಿಯಾಗಿರಲಿ. ಅರ್ಧ ತುಂಬಿದಂತೆ ಕಂಡರೆ ಎಲ್ಲೋ ಕೆಲವು ಪ್ಯಾರಾಗಳಿಗೆ ತಪಾಸಣೆಯೇ ಆಗುತ್ತಿಲ್ಲ ಎಂದರ್ಥ. ಅಡಿಟಿಪ್ಪಣಿ, ಹೆಡರ್, ಟೆಕ್ಸ್ಟ್ ಬಾಕ್ಸ್‌ಗಳು ಈ ಆಯ್ಕೆಯಲ್ಲಿ ಸೇರುವುದಿಲ್ಲ. ಅಲ್ಲೆಲ್ಲ ಒಳಗೆ ಹೋಗಿ ಮತ್ತೊಮ್ಮೆ ಮಾಡಬೇಕು.

ಇಷ್ಟಾದ ಮೇಲೂ ಎಸ್–ಜೆಡ್ ಗೊಂದಲವನ್ನು ಅದು ಹಿಡಿಯುವುದಿಲ್ಲ, ಏಕೆಂದರೆ ಬ್ರಿಟಿಷ್ ಪಟ್ಟಿಯಲ್ಲಿ ಎರಡೂ ಇವೆ. ಅದನ್ನು ನೀವೇ ಹುಡುಕಿ, ಫೈಂಡ್ ನೆಕ್ಸ್ಟ್ ಒತ್ತುತ್ತ ಒಂದೊಂದಾಗಿ ನೋಡಿ ಬದಲಿಸಬೇಕು. ಬೇರೆ ಪದಗಳಿಗೆ 'ಪೂರ್ಣ ಪದ ಮಾತ್ರ' ಎಂಬ ಆಯ್ಕೆ ಹಾಕಿಕೊಳ್ಳಿ. ಇಲ್ಲದಿದ್ದರೆ ಮೀಟರ್‌ನ ಬಾಲವನ್ನು 'ಆರ್ ಇ' ಮಾಡಲು ಹೋಗಿ ಪ್ಯಾರಾಮೀಟರ್, ಡಯಾಮೀಟರ್, ಥರ್ಮಾಮೀಟರ್‌ಗಳ ಬಾಲವೂ ತಿರುಗುತ್ತದೆ. ಟೈರ್‌ಗೆ ಐ ತೆಗೆದು ವೈ ಹಾಕುವಾಗ ಎಂಟೈರ್, ರಿಟೈರ್ ಕೂಡ ಸಿಕ್ಕಿಹಾಕಿಕೊಳ್ಳುತ್ತವೆ.

ತಾಂತ್ರಿಕ ಕೈಪಿಡಿ ಅಂದಿರಿ, ಕೋಡ್ ಇದ್ದರೆ ಅದನ್ನು ಮುಟ್ಟಲೇಬೇಡಿ. ವೆಬ್ ಪುಟದ ಬಣ್ಣ, ವಿನ್ಯಾಸ ಹೇಳುವ ಸಿಎಸ್‌ಎಸ್ ಕೋಡ್‌ನಲ್ಲಿ ಕಲರ್‌ಗೆ ಯು ಸೇರಿಸಿದರೆ ಬ್ರೌಸರ್ ಪುಟವನ್ನು ನಿಲ್ಲಿಸುವುದಿಲ್ಲ, ಆ ಸಾಲನ್ನು ಕಡೆಗಣಿಸಿ ಮುಂದೆ ಹೋಗುತ್ತದೆ. ಬಣ್ಣ ಯಾಕೆ ಬರಲಿಲ್ಲ ಅಂತ ಓದುಗ ತಲೆ ಕೆರೆದುಕೊಳ್ಳಬೇಕು. ಸೆಂಟರ್‌ಗೂ ಅದೇ ಗತಿ. ಗ್ರೇ ಬಣ್ಣಕ್ಕೆ ಮಾತ್ರ ಎ, ಇ ಎರಡೂ ನಡೆಯುತ್ತವೆ. ಹೆಸರುಗಳಿಗೂ ಕೈಹಾಕಬೇಡಿ: ಪರ್ಲ್ ಹಾರ್ಬರ್‌ಗೆ ಯು ಇಲ್ಲ, ವರ್ಲ್ಡ್ ಟ್ರೇಡ್ ಸೆಂಟರ್ 'ಇ ಆರ್' ಕೊನೆಯದ್ದೇ. ಆಸ್ಟ್ರೇಲಿಯಾದವರು ಲೇಬರ್ ಪದಕ್ಕೆ ಯು ಹಾಕಿ ಬರೆದರೂ ಅಲ್ಲಿನ ಲೇಬರ್ ಪಕ್ಷದ ಹೆಸರಿನಲ್ಲಿ 1912ರಿಂದ ಯು ಇಲ್ಲ.

ಅಡಿಗೆರೆ:
ಮೇಲಿನವರು ಹೇಳಿದ್ದು ರೂಢಿ ಬೇರೆಯಾದರೂ ಅರ್ಥ ಒಂದೇ ಇರುವ ಪದಗಳು. ನಿಜವಾಗಿ ಹುಷಾರಾಗಿರಬೇಕಾದದ್ದು ಬ್ರಿಟಿಷ್ ಬರವಣಿಗೆಯಲ್ಲೇ ಎರಡೂ ರೂಪ ಇದ್ದು ಕೆಲಸ ಬೇರೆಯಾಗಿರುವ ಕಡೆ. ಲೈಸೆನ್ಸ್, ಪ್ರಾಕ್ಟೀಸ್ ಎರಡೂ ನಾಮಪದವಾದರೆ ಸಿ, ಕ್ರಿಯಾಪದವಾದರೆ ಎಸ್. ಅನುಮಾನ ಬಂದರೆ ಆ ಜಾಗದಲ್ಲಿ ಅಡ್ವೈಸ್ ಇಟ್ಟು ನೋಡಿ, ಅಲ್ಲಿ ಸಿ ಮತ್ತು ಎಸ್ ಕಿವಿಗೇ ಬೇರೆ ಕೇಳಿಸುತ್ತವೆ. ಅಮೆರಿಕನ್ನರು ಲೈಸೆನ್ಸ್‌ಗೆ ಎಲ್ಲ ಕಡೆ ಎಸ್, ಪ್ರಾಕ್ಟೀಸ್‌ಗೆ ಎಲ್ಲ ಕಡೆ ಸಿ ಹಾಕಿ ಆರಾಮಾಗಿದ್ದಾರೆ. ಉದ್ದದ ಅಳತೆಯ ಮೀಟರ್‌ಗೆ ಕೊನೆಯಲ್ಲಿ 'ಆರ್ ಇ', ಅಳೆಯುವ ಉಪಕರಣಕ್ಕೆ 'ಇ ಆರ್'. ಕಂಪ್ಯೂಟರ್ ಪ್ರೋಗ್ರಾಂಗೆ ಒಂದೇ ಎಂ, ಕಾರ್ಯಕ್ರಮ ಎನ್ನುವ ಅರ್ಥದಲ್ಲಿ ಎರಡು ಎಂ ಮತ್ತು ಇ.

ಯು ಹಾಕುವವರು ಜಾರುವುದು ಸಾಧಿತ ಪದಗಳಲ್ಲಿ. ಹ್ಯೂಮರ್‌ಗೆ ಯು ಇದೆ, ಹ್ಯೂಮರಸ್‌ಗೆ ಬ್ರಿಟನ್ನಿನಲ್ಲೂ ಇಲ್ಲ. ಆನರಬಲ್‌ಗೆ ಉಂಟು, ಆನರರಿಗೆ ಇಲ್ಲ. ಎಲ್ ವಿಷಯವೂ ಹೀಗೇ ಅಡ್ಡಾದಿಡ್ಡಿ: ಟ್ರಾವೆಲ್ಡ್‌ಗೆ ಬ್ರಿಟಿಷರದು ಎರಡು ಎಲ್, ಅಮೆರಿಕನ್ನರದು ಒಂದು. ಫುಲ್‌ಫಿಲ್, ಎನ್‌ರೋಲ್, ಸ್ಕಿಲ್‌ಫುಲ್‌ಗಳಲ್ಲಿ ಲೆಕ್ಕ ತಿರುಗುಮುರುಗು. ಕಂಟ್ರೋಲ್ಡ್‌ಗೆ ಒತ್ತು ಕೊನೆಯ ಭಾಗದ ಮೇಲೆ ಬೀಳುವುದರಿಂದ ಇಬ್ಬರಿಗೂ ಎರಡು.

ಜಜ್‌ಮೆಂಟ್‌ಗೆ ಬ್ರಿಟಿಷ್ ಸಾಮಾನ್ಯ ಬರಹದಲ್ಲಿ ಇ ಇಟ್ಟರೂ ಬಿಟ್ಟರೂ ಸರಿ, ನ್ಯಾಯಾಲಯದ ತೀರ್ಪು ಎಂದಾಗ ಅಲ್ಲಿಯೂ ಇ ಬಿಡುವುದೇ ರೂಢಿ. ರಸಾಯನಶಾಸ್ತ್ರ ಬಂದರೆ ದೇಶಕ್ಕಿಂತ ಐಯುಪ್ಯಾಕ್ (ರಾಸಾಯನಿಕ ಹೆಸರುಗಳನ್ನು ನಿಗದಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಮಾತು ಮೇಲು: 1990ರಿಂದ ಸಲ್ಫರ್‌ಗೆ ಎಫ್, ಪಿ ಎಚ್ ಅಲ್ಲ. ಅಲ್ಯೂಮಿನಿಯಂಗೆ ಮಾತ್ರ ಬ್ರಿಟಿಷ್ ರೂಪವೇ ಗೆದ್ದಿದೆ, ಅಮೆರಿಕನ್ ರೂಪಕ್ಕೂ ಮಾನ್ಯತೆ ಇದೆ.

ಅಲ್ಪವಿರಾಮ:
ಎಸ್ ಅಂತಲೇ ಇಟ್ಟುಕೊಳ್ಳುತ್ತೇವೆ. ಗ್ರೇಗೆ ಎಲ್ಲ ಕಡೆ ಇ ಹಾಕಿದರೆ ಸಾಕಲ್ಲವಾ? ಒಂದು ಅಧ್ಯಾಯ ವಿಕಿರಣದ ಬಗ್ಗೆ ಇದೆ.

ಅಡಿಗೆರೆ:
ಆ ಅಧ್ಯಾಯದಲ್ಲೇ ಎಡವುತ್ತೀರಿ. ಹೀರಿಕೊಂಡ ವಿಕಿರಣದ ಏಕಮಾನ ಗ್ರೇ, ಲೂಯಿಸ್ ಹೆರಾಲ್ಡ್ ಗ್ರೇ ಎಂಬ ಭೌತವಿಜ್ಞಾನಿಯ ಹೆಸರಿನದು. ಅದಕ್ಕೆ ಯಾವ ದೇಶದಲ್ಲೂ ಎ ಅಕ್ಷರವೇ. ಬಣ್ಣಕ್ಕೆ ಇ ಇರಲಿ.

ನೀಲಿಪೆನ್ನು:
ಇಂಥ ತೀರ್ಮಾನಗಳನ್ನು ಒಂದು ಹಾಳೆಯಲ್ಲಿ ಅಕಾರಾದಿಯಾಗಿ ಬರೆದು ಎಲ್ಲ ಲೇಖಕರಿಗೂ ಕಳಿಸಿ. ಅಡ್ವೈಸರ್‌ಗೆ ಇ ಆ, ಓ ಆ, ಇನ್‌ಕ್ವೈರಿಗೆ ಐ ಆ, ಇ ಆ, ಏಜಿಂಗ್‌ನಲ್ಲಿ ನಡುವೆ ಇ ಬೇಕಾ ಅಂತೆಲ್ಲ. ಆಧಾರಕ್ಕೆ ಒಂದೇ ನಿಘಂಟು ಹೆಸರಿಸಿ, ಅದು ಮೊದಲು ಕೊಟ್ಟ ರೂಪವೇ ನಮ್ಮದು ಅಂದುಬಿಡಿ. ಎಸ್ ವಿಷಯ ಮಾತ್ರ ಅಪವಾದ ಅಂತ ಮೇಲೇ ಬರೆಯಿರಿ. ಕೊನೆಗೆ ಪದಸೂಚಿ ಮಾಡುವಾಗ ನೀವು ಬಿಟ್ಟ ರೂಪದಿಂದಲೂ 'ಇಲ್ಲಿ ನೋಡಿ' ಎಂದು ಒಂದು ಸಾಲು ಕೊಡಿ, ಮುಖ್ಯವಾಗಿ ಮೊದಲ ಅಕ್ಷರವೇ ಬೇರೆಯಾಗುವ ಪದಗಳಿಗೆ. ಇಸ್ತೆಟಿಕ್ಸ್ ಎಂಬುದನ್ನು 'ಎ ಇ'ಯಲ್ಲಿ ಸೇರಿಸಿದರೆ, ಇ ಅಕ್ಷರದ ಕೆಳಗೆ ಹುಡುಕುವವನಿಗೆ ಅದು ಸಿಗುವುದೇ ಇಲ್ಲ.