ಅಗಲವಾದ ಕ್ಯೂಆರ್‌ಎಸ್, ವೇಗದ ಬಡಿತ: ವಿಟಿಯೋ ಎಸ್‌ವಿಟಿಯೋ?

ಪ್ರಶ್ನೆ: ತಾಲ್ಲೂಕು ಆಸ್ಪತ್ರೆ ವೈದ್ಯ, ಹಾವೇರಿ ಜಿಲ್ಲೆ

ಹಿರಿಯರಿಗೆ ನಮಸ್ಕಾರ. ರಾತ್ರಿ ಪಾಳಿಯಲ್ಲಿ, ಹಿಂದೊಮ್ಮೆ ಹೃದಯಾಘಾತವಾಗಿದ್ದ ಅರವತ್ತು ದಾಟಿದ ರೈತರೊಬ್ಬರು ಎದೆ ಜೋರಾಗಿ ಬಡಿಯುತ್ತಿದೆ ಎಂದು ಬಂದರು. ಇಸಿಜಿಯಲ್ಲಿ ಎರಡು ಆರ್ ಅಲೆಗಳ (ಪ್ರತಿ ಬಡಿತದ ಎತ್ತರದ ಮೊನೆ) ನಡುವೆ ಎರಡು ದೊಡ್ಡ ಚೌಕಗಳಷ್ಟೂ ಅಂತರವಿರಲಿಲ್ಲ, ಅಂದರೆ ಬಡಿತ ಬಹಳ ವೇಗವಾಗಿತ್ತು. ಕ್ಯೂಆರ್‌ಎಸ್ (ಹೃದಯದ ಕೆಳಕೋಣೆಗಳ ಬಡಿತವನ್ನು ತೋರಿಸುವ ಅಲೆ) ನಾಲ್ಕು ಸಣ್ಣ ಚೌಕಗಳಷ್ಟು ಅಗಲವಾಗಿದ್ದು, ಲಯ ಒಂದೇ ಸಮನಾಗಿತ್ತು. ರಕ್ತದೊತ್ತಡ 110/70 ಇದ್ದು, ಅವರು ಚೆನ್ನಾಗಿ ಮಾತನಾಡುತ್ತಿದ್ದರು. ಲಯ ಸರಿಪಡಿಸುವ ಔಷಧ ಅಮಿಯೋಡರೋನ್ ಆರಂಭಿಸಿ ಹುಬ್ಬಳ್ಳಿಗೆ ಕಳುಹಿಸಿದೆವು. ಆದರೆ ಇಷ್ಟು ಸ್ಥಿರವಾಗಿದ್ದವರಿಗೆ ವಿಟಿ (ಕೆಳಕೋಣೆಗಳಲ್ಲೇ ಹುಟ್ಟುವ ವೇಗದ ಬಡಿತ) ಅಲ್ಲ, ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ವಿದ್ಯುತ್ ಹಾದಿಯ ಕವಲಿನಲ್ಲಿ ತಡೆ) ಇರುವ ಎಸ್‌ವಿಟಿಯೇ (ಕೆಳಕೋಣೆಗಳಿಗಿಂತ ಮೇಲೆ ಹುಟ್ಟುವ ವೇಗದ ಬಡಿತ) ಆಗಿರಬಹುದಲ್ಲವೇ ಎಂಬ ಅನುಮಾನ ಉಳಿದಿದೆ.

ಉತ್ತರ 1: ತುರ್ತು ಚಿಕಿತ್ಸಾ ವೈದ್ಯೆ, ಹುಬ್ಬಳ್ಳಿ

ನೀವು ಮಾಡಿದ್ದು ಸರಿ, ಡಾಕ್ಟರೇ. ರಕ್ತದೊತ್ತಡ ಚೆನ್ನಾಗಿದೆ ಎಂಬ ಕಾರಣಕ್ಕೆ ವಿಟಿಯನ್ನು ತಳ್ಳಿಹಾಕುವಂತಿಲ್ಲ. ವಿಟಿ ಇದ್ದೂ ತಾಸುಗಟ್ಟಲೆ ಮಾತನಾಡುತ್ತ ಕುಳಿತವರನ್ನು ನಾವು ನೋಡುತ್ತೇವೆ. ಕ್ಯೂಆರ್‌ಎಸ್ 0.12 ಸೆಕೆಂಡ್ (ಮೂರು ಸಣ್ಣ ಚೌಕ) ಮೀರಿ, ಹಳೆಯ ಹೃದಯಾಘಾತವೂ ಇದ್ದರೆ, ಬೇರೆ ಎಂದು ಸಾಬೀತಾಗುವವರೆಗೆ ಅದನ್ನು ವಿಟಿ ಎಂದೇ ನೋಡಬೇಕು. ಎರಡನೇ ಲೀಡ್‌ನ (ಲೀಡ್ ಎಂದರೆ ಇಸಿಜಿ ಒಂದು ದಿಕ್ಕಿನಿಂದ ಹೃದಯವನ್ನು ನೋಡಿದ ದಾಖಲೆ) ಉದ್ದನೆಯ ಪಟ್ಟಿ ತೆಗೆದು, ಪಿ ಅಲೆಗಳು (ಮೇಲಿನ ಕೋಣೆಗಳ ಬಡಿತದ ಗುರುತು) ಕ್ಯೂಆರ್‌ಎಸ್‌ಗೆ ಸಂಬಂಧವಿಲ್ಲದೆ ತಮ್ಮದೇ ವೇಗದಲ್ಲಿ ಸಾಗುತ್ತಿವೆಯೇ, ಅಗಲ ಬಡಿತಗಳ ನಡುವೆ ಕಿರಿದಾದ ಸಹಜ ಬಡಿತವೊಂದು ನುಸುಳಿದೆಯೇ ಎಂದು ಹುಡುಕಿ. ಇವೆರಡರಲ್ಲಿ ಒಂದು ಸಿಕ್ಕರೂ ವಿಟಿ ಎಂಬುದು ಬಹುಮಟ್ಟಿಗೆ ಖಚಿತ. ಸಿಗದಿದ್ದರೆ ವಿಟಿ ಇಲ್ಲವೆಂದು ಅರ್ಥವಲ್ಲ. ಎಸ್‌ವಿಟಿ ಇರಬಹುದೆಂದು ವೆರಪಾಮಿಲ್ ಔಷಧ ಕೊಡಲೇಬೇಡಿ. ವಿಟಿ ಇದ್ದವರಲ್ಲಿ ಅದರಿಂದ ರಕ್ತದೊತ್ತಡ ಕುಸಿದು ಹೃದಯವೇ ನಿಲ್ಲಬಹುದು. ಅಮಿಯೋಡರೋನ್ 150 ಮಿ.ಗ್ರಾಂ. ಅನ್ನು ಹತ್ತು ನಿಮಿಷಗಳಲ್ಲಿ ಕೊಡಿ. ರಕ್ತದೊತ್ತಡ ಇಳಿದರೆ, ಪ್ರಜ್ಞೆ ಮಸುಕಾದರೆ, ಪಟ್ಟಿ ಓದುತ್ತ ನಿಲ್ಲದೆ 100 ಜೂಲ್‌ನಿಂದ ಸಿಂಕ್ರನೈಸ್ಡ್ ಶಾಕ್ (ಕ್ಯೂಆರ್‌ಎಸ್‌ಗೆ ಹೊಂದಿಸಿ ಕೊಡುವ ವಿದ್ಯುತ್ ಆಘಾತ) ಕೊಡಿ. ಆಂಬುಲೆನ್ಸ್‌ನಲ್ಲಿ ಡಿಫಿಬ್ರಿಲೇಟರ್ (ಶಾಕ್ ಕೊಡುವ ಯಂತ್ರ) ಇರಲೇಬೇಕು, ಏಕೆಂದರೆ ಹಾವೇರಿಯಿಂದ ಇಲ್ಲಿಗೆ ಒಂದು ತಾಸಿನ ಮೇಲೆಯೇ ಹಿಡಿಯುತ್ತದೆ.

ಉತ್ತರ 2: ಫಿಜಿಷಿಯನ್, ಧಾರವಾಡ

ಮೇಲಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಕ್ಯೂಆರ್‌ಎಸ್ ಐದು ಸಣ್ಣ ಚೌಕಗಳನ್ನೂ ಮೀರಿ ಅಗಲವಾಗಿದ್ದು, ವೇಗ ಮಾತ್ರ ನಿಮಿಷಕ್ಕೆ 120ರೊಳಗೆ ಇದ್ದರೆ, ಮೊದಲು ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾಗಿದೆಯೇ ಎಂದು ಯೋಚಿಸಿ. ಮೂತ್ರಪಿಂಡ ಸೋತಿದೆಯೇ ಎಂದು ತಿಳಿಯಲು, ರೋಗಿಯ ಮುಂಗೈಯಲ್ಲಿ ಡಯಾಲಿಸಿಸ್‌ನ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿದ ಜಾಗ) ಇದೆಯೇ ನೋಡಿ, ಮೂತ್ರ ಸರಿಯಾಗಿ ಹೋಗುತ್ತಿದೆಯೇ ಕೇಳಿ. ಅಂಥವರಿಗೆ ಅಮಿಯೋಡರೋನ್, ಲಿಗ್ನೋಕೇನ್ ಎಂಬ ಲಯದ ಔಷಧಗಳು ಅಪಾಯ ತರಬಲ್ಲವು. ಲ್ಯಾಬ್ ವರದಿಗೆ ಕಾಯದೆ, ಮಾನಿಟರ್ ನೋಡುತ್ತ 10% ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ. ನಿಧಾನವಾಗಿ ಕೊಟ್ಟರೆ, ಕೆಲವೇ ನಿಮಿಷಗಳಲ್ಲಿ ಕ್ಯೂಆರ್‌ಎಸ್ ಕಿರಿದಾಗುವುದನ್ನು ಕಾಣಬಹುದು.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಇಸಿಜಿ ಪಟ್ಟಿಯ ಫೋಟೋ ಇದೆ. ಪಿ ಅಲೆಗಳನ್ನು ಇಂದೇ ಹುಡುಕುತ್ತೇನೆ.

ಉತ್ತರ 1 ಬರೆದವರು:

ಅವರ ಹಳೆಯ ಇಸಿಜಿ ಮನೆಯವರ ಬಳಿ ಇದ್ದರೆ ಅದನ್ನೂ ತರಿಸಿ. ಬ್ಲಾಕ್ ಮೊದಲೇ ಇದ್ದು, ಕ್ಯೂಆರ್‌ಎಸ್ ಆಕಾರ ಎಲ್ಲಾ ಲೀಡ್‌ಗಳಲ್ಲೂ ಈಗಿನದಕ್ಕೆ ಹೊಂದಿದರೆ ಮಾತ್ರ ನಿಮ್ಮ ಎಸ್‌ವಿಟಿ ಅನುಮಾನಕ್ಕೆ ಬಲ ಬರುತ್ತದೆ.