ಕೌದಿ ಒಗೆದ ಮೇಲೆ ನಡುವೆ ಉಬ್ಬುತ್ತೆ, ಯಾಕೆ? ಎರಡು ದಿನದ ಕ್ಲಾಸಿಗೆ ಯಾವ ಅಳತೆ ಸರಿ?

ಸೂಜಿದಾರ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ಆರ್ಡರ್ ಕೌದಿ, ಶನಿವಾರ-ಭಾನುವಾರದ ಕ್ಲಾಸು, ಅದರ ಜೊತೆಗೆ ಹೆರಿಗೆ ವಾರ್ಡಿಗೆ ಕೊಡೋಕೆ ಕೂಸಿನ ಕೌದಿ, ಮೂರನ್ನೂ ಒಟ್ಟಿಗೆ ನಡೆಸ್ತಾ ಇದ್ದೀನಿ. ಮೂರು ವಿಷಯ ಕೇಳಬೇಕಿತ್ತು.

ಕ್ಲಾಸಿನಲ್ಲಿ ನಾಲ್ಕು ಜನ ಸುತ್ತ ಕೂತು ಹೊಲಿದ ದೊಡ್ಡ ಕೌದಿ, 60 × 80 ಇಂಚು, ನಾಲ್ಕು ಪದರ. ಮೇಲಿನದು, ಅಸ್ತರ, ಒಳಗಿನ ಒಂದು ಪದರ ಹಳೇ ಕಾಟನ್ ಸೀರೆ. ಇನ್ನೊಂದು ಪದರ ಅಂಗಡಿಯಿಂದ ತಂದ ಹೊಸ ಲಾಂಗ್‌ಕ್ಲಾತ್. ಹೊಲಿದಾಗ ಚಪ್ಪಟೆಯಾಗೇ ಇತ್ತು. ಒಂದು ಸಲ ಒಗೆದ ಮೇಲೆ ನಡುವೆ ಉಬ್ಬಿದೆ, ಒಂದು ಮೂಲೆ ಎಳೆದ ಹಾಗಿದೆ. ಇದನ್ನ ಸರಿ ಮಾಡಬಹುದಾ?

ಮುಂದಿನ ಬ್ಯಾಚಿಗೆ ಎಂಟು ಜನ ಹೊಸಬರು. ದಿನಕ್ಕೆ ಐದು ತಾಸು, ಎರಡು ದಿನ. ಹೋಗುವಾಗ ಕೈಯಲ್ಲಿ ಮುಗಿದ ಕೌದಿ ಇರಬೇಕು ಅಂತ ಎಲ್ಲರದೂ ಆಸೆ. ಅಳತೆ, ಬಟ್ಟೆ, ದಾರದ ಲೆಕ್ಕ ಹೇಗೆ?

ಇನ್ನು ಬಣ್ಣ. ಕೊಟ್ಟ ಸೀರೆಗಳಲ್ಲಿ ಒಂದು ಕೆಂಪು, ಒಂದು ಮೆರೂನ್. ಎರಡೂ ಬಣ್ಣ ಬಿಡ್ತಿವೆ. ಉಪ್ಪುನೀರಲ್ಲಿ ನೆನೆಸಿದ್ರೆ ನಿಲ್ಲುತ್ತಾ?

ಕೌದಿಮನಿ (ಧಾರವಾಡ):

ಅಕ್ಕಾರ, ಆ ಲಾಂಗ್‌ಕ್ಲಾತೇ ಕಳ್ಳ. ನೀರು ಕಾಣಲಾರದ ಹೊಸಾ ಹತ್ತಿ ಬಟ್ಟಿ ಮೊದಲನೇ ಸಲ ಒಗದಾಗ ನೂರಕ್ಕ ಮೂರರಿಂದ ಐದರಷ್ಟು ಕುಗ್ಗತೈತಿ. 80 ಇಂಚಿಗೆ ಮೂರರಂಗ ಹಿಡದ್ರೂ ಎರಡೂವರಿ ಇಂಚು ಆತು. ಹಳೀ ಸೀರಿ ವರ್ಷಗಟ್ಟಲೆ ಒಗಸ್ಕೊಂಡೈತಿ, ಅದು ಕುಗ್ಗೂದು ಮುಗದೈತಿ. ಒಳಗಿಂದು ಕುಗ್ಗಿತು, ಮ್ಯಾಲಿಂದು ಕುಗ್ಗಲಿಲ್ಲ. ಉಳದ ಬಟ್ಟಿ ಹೊಲಿಗಿ ಸಾಲು ದೂರ ಇದ್ದಲ್ಲೇ ಎದ್ದು ನಿಲ್ಲತೈತಿ. ಹೊಸಾ ಬಟ್ಟಿ ಹಾಕೂದಿದ್ರ ಬಿಸಿನೀರಾಗ ಒಂದ್ ರಾತ್ರಿ ನೆನಸ್ರಿ, ಒಗದು ಒಣಗಸಿ ಆಮ್ಯಾಲೆ ಕತ್ತರಸ್ರಿ. ಗಂಜಿ ಹೋಗೂತನಕ ಬಿಡಬ್ಯಾಡ್ರಿ.

ಎರಡನೇದು ಹಾಸು-ಹೊಕ್ಕು, ಅಂದ್ರ ಬಟ್ಟಿ ಉದ್ದದ ಎಳಿ, ಅಡ್ಡದ ಎಳಿ. ಬಟ್ಟಿ ಹಾಸಿನ ದಿಕ್ಕಿನ್ಯಾಗ ಹೆಚ್ಚು ಕುಗ್ಗತೈತಿ. ಒಂದು ಪದರ ಉದ್ದಕ್ಕ, ಇನ್ನೊಂದು ಅಡ್ಡಕ್ಕ ಹಾಸಿದ್ರ ಒಂದಕ್ಕೊಂದು ಜಗ್ಯಾಡತಾವ. ಎಲ್ಲಾ ಪದರದ ಸೀರಿ ಅಂಚು ಒಂದೇ ಕಡೆ ಬರೂ ಹಂಗ ಹಾಸ್ರಿ. ಅಂಚು ದಪ್ಪ ಇದ್ರ ಕತ್ತರಿಸಿ ತಗೀರಿ, ಅದರ ನೇಯ್ಗಿ ಬಿಗಿ ಇರತೈತಿ, ಮೈಬಟ್ಟಿ ಜೋಡಿ ಅದು ಹೊಂದೂದಿಲ್ಲ. ಇಳಕಲ್ ಸೀರಿ ಅಂಚು ಸೆರಗು ಬ್ಯಾರೆ ತಗದು ಇಡ್ರಿ, ಮ್ಯಾಲಿನ ಪದರಕ್ಕ ಪಟ್ಟಿ ಹಚ್ಚಾಕ ಅದರಂಥಾದ್ದು ಇಲ್ಲ.

ಮೂಲಿ ಜಗ್ಗೂದು ಕೈಯಿಂದ. ನಾಕು ಮಂದಿ ಕೂತ್ರ ನಾಕು ಬಿಗಿ. ಒಬ್ಬಾಕಿ ದಾರ ಎಳದು ಎಳದು ಹೊಲೀತಾಳ, ಇನ್ನೊಬ್ಬಾಕಿ ಸಡಿಲ ಬಿಡತಾಳ. ಇದಕ್ಕ ಉಪಾಯ ಅಂದ್ರ ಜಾಗ ಬದಲಿ ಮಾಡೂದು. ಹತ್ತು ಸಾಲು ಆದಕೂಡ್ಲೆ ಎಲ್ಲಾರೂ ಒಂದೊಂದು ಮೂಲಿ ಸರೀರಿ. ಸೂಜಿಗೆ ನಾಕೈದು ಟಾಕಿ ಏರಿಸಿ ದಾರ ಎಳದ ಮ್ಯಾಲೆ, ಹೆಬ್ಬಟ್ಟಿನಿಂದ ಸಾಲಿನ ಮ್ಯಾಲೆ ಒಂದ್ ಸಲ ನೀವ್ರಿ. ನೀವಿದಾಗ ದಾರ ತಾನೇ ಒಂಚೂರು ಹಿಂದಕ್ಕ ಹೋಗತೈತಿ, ಅದೇ ಸರಿಯಾದ ಬಿಗಿ.

ಕಚ್ಚಾ ಹೊಲಿಗಿ ಬಿಡಾಕ ಹೋಗಬ್ಯಾಡ್ರಿ. ನೆಲಕ್ಕ ಹಾಸಿ, ನಾಕು ಮೂಲಿಗೆ ಕಲ್ಲಿಟ್ಟು, ನಡುಕಿಂದ ಹೊರಗ ಒಂದೊಂದು ಗೇಣಿಗೆ ಉದ್ದ ಅಡ್ಡ ಎರಡೂ ಕಡೆ ದೊಡ್ಡ ಟಾಕಿ ಹಾಕ್ರಿ. ಪಕ್ಕಾ ಹೊಲಿಗಿನೂ ನಡುಕಿಂದ ಸುರು ಆಗಿ ಎರಡೂ ಬದಿಗೆ ಹೋಗ್ಲಿ. ಹೆಚ್ಚಿನ ಬಟ್ಟಿ ಅಂಚಿಗೆ ಬಂದು ನಿಂತ್ರ ಕತ್ತರಸಬಹುದು, ನಡುವ ನಿಂತ್ರ ಏನ್ ಮಾಡ್ತೀರಿ?

ಈಗ ಉಬ್ಬಿದ್ದಕ್ಕ: ಬಿಚ್ಚೂದು ಬ್ಯಾಡ. ಕೌದಿ ಹಸಿ ಮಾಡಿ ಚಪ್ಪಟಿ ಹಾಸ್ರಿ, ಉಬ್ಬಿದ್ದನ್ನ ಅಂಗೈಯಿಂದ ಎಲ್ಲಾ ಕಡೆ ಸಮ ಹಂಚ್ರಿ, ಒಣಗಿದ ಮ್ಯಾಲೆ ಇದ್ದ ಎರಡು ಸಾಲಿನ ನಡುವ ಇನ್ನೊಂದು ಸಾಲು ಹೊಲೀರಿ. ಹೊಲಿಗಿ ಹತ್ರ ಹತ್ರ ಆದಷ್ಟೂ ಬಟ್ಟಿ ಒಳಗ ಎಳಕೋತೈತಿ. ಒಂದು ಇಂಚಿನ ಉಬ್ಬು ಹಂಗೇ ತಗ್ಗತೈತಿ. ಅದಕ್ಕೂ ಹೆಚ್ಚಿದ್ರ ಹತ್ತಿರದ ಅಂಚಿನಿಂದ ಉಬ್ಬಿನತನಕ ಸಾಲು ಬಿಚ್ಚಲೇಬೇಕು.

ಪದರು (ಬೆಂಗಳೂರು):

ಕ್ಲಾಸಿನ ಲೆಕ್ಕ ನಾನು ಹೇಳ್ತೀನಿ. ದೊಡ್ಡ ಕೌದಿ ಎರಡು ದಿನಕ್ಕೆ ಸಾಧ್ಯವೇ ಇಲ್ಲ, ಅದನ್ನ ಮೊದಲೇ ಹೇಳಿಬಿಡಿ. 60 × 80ಕ್ಕೆ ಮುಕ್ಕಾಲು ಇಂಚಿಗೊಂದು ಸಾಲು ಅಂದ್ರೆ 80 ಸಾಲು, ಪ್ರತಿ ಸಾಲು 80 ಇಂಚು. ಒಟ್ಟು ಸುಮಾರು 162 ಮೀಟರ್ ಹೊಲಿಗೆ. ಪಳಗಿದ ಕೈ ಒಂದು ಮೀಟರಿಗೆ ಎಂಟು ನಿಮಿಷ ತಗೊಂಡ್ರೂ ಇಪ್ಪತ್ತೊಂದೂವರೆ ತಾಸು. ಹೊಸಬರಿಗೆ ಅದರ ಎರಡರಷ್ಟು ಇಟ್ಕೊಳ್ಳಿ. ಆರ್ಡರಿಗೆ ರೇಟ್ ಹೇಳುವಾಗಲೂ ಇದೇ ಲೆಕ್ಕ ಹಾಕಿ. ಅಡಿ ಲೆಕ್ಕದಲ್ಲಿ ಹೇಳೋರು ಸಾಲಿನ ಅಂತರ ಮರೀತಾರೆ, ಅರ್ಧ ಇಂಚಿನ ಸಾಲು ಕೇಳಿದ್ರೆ ಕೆಲಸ ಒಂದೂವರೆ ಪಟ್ಟು ಆಗುತ್ತೆ.

ನಿಮ್ಮ ಎಂಟು ಜನಕ್ಕೆ 30 × 36 ಇಂಚಿನ ಕೂಸಿನ ಕೌದಿ, ಮೂರು ಪದರ, ಒಂದು ಇಂಚಿಗೊಂದು ಸಾಲು. 30 ಸಾಲು, ಸುಮಾರು 27 ಮೀಟರ್. ಹೊಸಬರ ಕೈಯಲ್ಲಿ ಮೀಟರಿಗೆ ಹದಿನಾಲ್ಕು ನಿಮಿಷ ಹಿಡಿದ್ರೂ ಆರೂಕಾಲು ತಾಸು ಚಿಲ್ಲರೆ. ಉಳಿದ ಮೂರೂಮುಕ್ಕಾಲು ತಾಸಲ್ಲಿ ಕತ್ತರಿಸೋದು, ಪದರ ಹಾಸೋದು, ಅಂಚು ಮಡಚಿ ಮುಗಿಸೋದು. ಚಹಾ, ಮಾತು ಎಲ್ಲ ಇದರೊಳಗೇ. ಬಟ್ಟೆ ಮಾತ್ರ ಹಿಂದಿನ ದಿನವೇ ಒಗೆದು ಇಸ್ತ್ರಿ ಮಾಡಿರಬೇಕು, ಕ್ಲಾಸಲ್ಲಿ ಇಸ್ತ್ರಿ ಪೆಟ್ಟಿಗೆ ಹಿಂದೆ ಕ್ಯೂ ನಿಂತ್ರೆ ಅರ್ಧ ದಿನ ಹೋಯ್ತು.

ದೊಡ್ಡದಕ್ಕೆ ಬಟ್ಟೆ ಹೀಗೆ: ಐದೂವರೆ ಮೀಟರ್ ಸೀರೆ ಅಂದ್ರೆ 216 ಇಂಚು. ಅಗಲ 45, ಎರಡೂ ಕಡೆ ಅಂಚು ತೆಗೆದ್ರೆ 41ರ ಆಸುಪಾಸು. 62 ಇಂಚಿನ ಎರಡು ತುಂಡು ಕತ್ತರಿಸಿ, ಅಂಚು ತೆಗೆದ ಬದಿಗಳನ್ನ ಜೋಡಿಸಿದ್ರೆ 62 × 81 ಸಿಗುತ್ತೆ, ಒಂದು ಪದರ. ಇದಕ್ಕೆ 124 ಇಂಚು ಬೇಕು. ಹಾಗಾಗಿ ಎರಡು ಸೀರೆಗೆ ಮೂರು ಪದರ, ಮೇಲೆ 60 ಇಂಚು ತೇಪೆಗೆ ಉಳಿಯುತ್ತೆ. ಆದ್ರೆ ಮೂರನೇ ಪದರದ ಎರಡು ತುಂಡು ಎರಡು ಬೇರೆ ಸೀರೆಯಿಂದ ಬರುತ್ತೆ, ಅದನ್ನ ಒಳಗೆ ಹಾಕಿ. ಎಲ್ಲ ಪದರದ ಜೋಡಣೆ ಒಂದರ ಮೇಲೊಂದು ಕೂರದ ಹಾಗೆ ಒಂದೆರಡು ಇಂಚು ಆಚೀಚೆ ಮಾಡಿ, ಇಲ್ಲದಿದ್ರೆ ನಡುವೆ ಹಗ್ಗದ ಥರ ದಪ್ಪ ಗೆರೆ ಬರುತ್ತೆ, ಸೂಜಿನೂ ಅಲ್ಲೇ ಮುರಿಯುತ್ತೆ.

ದಾರ: 8ನೇ ನಂಬರಿನ ಪರ್ಲ್ ಕಾಟನ್ (ಹೊಳಪಿನ ಹೊಸೆದ ಹತ್ತಿ ದಾರ) ಉಂಡೆ, 10 ಗ್ರಾಂಗೆ 80 ಮೀಟರ್ ಆಸುಪಾಸು. ಹೊಲಿಗೆ ಬಟ್ಟೆಯ ದಪ್ಪ ದಾಟಬೇಕಲ್ಲ, ಹಾಗಾಗಿ ಅಳೆದ ಉದ್ದಕ್ಕಿಂತ ಕಾಲು ಭಾಗ ಜಾಸ್ತಿ ಹಿಡೀಬೇಕು. ದೊಡ್ಡದಕ್ಕೆ ಮೂರು ಉಂಡೆ, ಕೂಸಿನದಕ್ಕೆ ಅರ್ಧ ಉಂಡೆ. ಪಾಲಿಯೆಸ್ಟರ್ ದಾರ ಬೇಡ. ಅದು ಗಟ್ಟಿ ಅಂತ ತಗೋತಾರೆ, ಆದ್ರೆ ಹಳೇ ಬಟ್ಟೆಗಿಂತ ದಾರ ಗಟ್ಟಿ ಆದ್ರೆ ಎಳೆತ ಬಿದ್ದಾಗ ದಾರ ಉಳಿಯುತ್ತೆ, ಬಟ್ಟೆ ಕುಯ್ಯುತ್ತೆ. ಒಂದು ಸಲಕ್ಕೆ ಮೊಳ ಒಂದೂವರೆ ಮೊಳಕ್ಕಿಂತ ಉದ್ದ ಬೇಡ, ಸೂಜಿ ಕಣ್ಣಿನ ಹತ್ರ ದಾರ ಸವೆದು ಹಿಂಜುತ್ತೆ. ಗಂಟು ಹಾಕಿ ಮೆಲ್ಲಗೆ ಎಳೆದು ಪದರದೊಳಗೆ ನುಂಗಿಸಿ, ಹೊರಗೆ ಬಿಡಬೇಡಿ.

ಸೂಜಿ ಉದ್ದನೆಯದು ತಗೊಳ್ಳಿ, 5 ಅಥವಾ 6ನೇ ನಂಬರ್. ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣ ಅನ್ನೋದು ಹೊಸಬರಿಗೆ ಗೊತ್ತಿರಲ್ಲ. ನಡುಬೆರಳಿಗೆ ಬೆರಳುಟೋಪಿ ಮೊದಲ ದಿನವೇ ಹಾಕಿಸಿ, ಮರುದಿನ ನೋವು ಅಂತ ಯಾರೂ ತಪ್ಪಿಸ್ಕೊಳ್ಳಲ್ಲ.

ಬೇಗ ಆಗ್ಲಿ ಅಂತ ಮೆಷಿನ್‌ನಲ್ಲಿ ಹೊಡೆಯೋರೂ ಇದ್ದಾರೆ. ಹೊಡೀಬಹುದು. ಮಾಮೂಲಿ ಪಾದ ಮೇಲಿನ ಪದರವನ್ನ ಮುಂದಕ್ಕೆ ತಳ್ಳುತ್ತೆ, ವಾಕಿಂಗ್ ಫುಟ್ (ಮೇಲಿನ ಪದರವನ್ನೂ ಕೆಳಗಿನದರ ಜೊತೆಗೇ ಸಾಗಿಸೋ ಪಾದ) ಹಾಕಲೇಬೇಕು, ಟಾಕಿ ಉದ್ದ 3ರಿಂದ 3.5 ಮಿಲಿಮೀಟರ್. ಕೈಹೊಲಿಗೆಯ ಆ ಸಣ್ಣ ಸುಕ್ಕು, ಮೆತ್ತಗೆ ಬೀಳೋ ಗುಣ ಮಾತ್ರ ಅದರಲ್ಲಿ ಬರಲ್ಲ. ಹಾಸಿಗೆ ಚಾದರ ಆಗುತ್ತೆ, ಕೌದಿ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ.

ಕಾಡಂಚು (ಹಳಿಯಾಳ):

ಕೌದಿಮನಿಯವರು ನಡುವಿನಿಂದಲೇ ಶುರು ಮಾಡಬೇಕು ಅಂದಿದ್ದಾರೆ. ಅದು ಪೂರ್ತಿ ಪದರಗಳನ್ನು ಮೊದಲೇ ಹಾಸಿ ಹೊಲಿಯುವ ಕೌದಿಗೆ ಸರಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರ ಕವಂದ, ಅಂದರೆ ಅವರ ತೇಪೆ ಕೌದಿ, ಇದಕ್ಕೆ ತದ್ವಿರುದ್ಧ. ಮೂಲೆಯಿಂದ ಶುರು, ಅಂಚಿನ ಗುಂಟ ಸುತ್ತುತ್ತಾ ಒಳಗೆ ಬಂದು ನಡುವಿನಲ್ಲಿ ಮುಗಿಯುತ್ತದೆ. ಆದರೂ ಉಬ್ಬುವುದಿಲ್ಲ.

ಕಾರಣ ಇದೆ. ಅಲ್ಲಿ ಮೇಲಿನ ಪದರ ಅಂತ ಒಂದು ಇಡೀ ಬಟ್ಟೆ ಇರುವುದೇ ಇಲ್ಲ. ತಳಕ್ಕೆ ಸೀರೆ, ಅದರ ಮೇಲೆ ತುಂಡುಗಳನ್ನು ಒಂದೊಂದಾಗಿ ಅಂಚು ಮಡಚಿ ಇಟ್ಟು, ತೇಪೆ ಮತ್ತು ತಳ ಎರಡನ್ನೂ ಹಿಡಿದು ಒಂದೇ ಹೊಲಿಗೆ. ಹೊಲಿಗೆ ಮುಂದೆ ಹೋದ ಹಾಗೆ ಮುಂದಿನ ತುಂಡು ಬರುತ್ತದೆ. ತಳ ಅರ್ಧ ಇಂಚು ಸರಿದಿದ್ದರೆ ಮುಂದಿನ ತುಂಡನ್ನು ಅಷ್ಟಕ್ಕೆ ಸರಿಹೊಂದಿಸಿ ಇಡಬಹುದು, ಹೆಚ್ಚುವರಿ ಬಟ್ಟೆ ಕೂಡಿಬೀಳುವ ಅವಕಾಶವೇ ಇಲ್ಲ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ತುಂಡುಗಳನ್ನು ಒಂದರ ಮೇಲೊಂದು ಕೂರಿಸುತ್ತಾರೆ, ಅದಕ್ಕೆ ಫೂಲ ಎನ್ನುತ್ತಾರೆ. ಅದಿಲ್ಲದಿದ್ದರೆ ಕವಂದ ಬೆತ್ತಲೆ ಎಂಬ ಮಾತಿದೆ.

ನಿಮ್ಮ ಹೊಸಬರಿಗೆ ಇದನ್ನೂ ಕಲಿಸಿ ನೋಡಿ, ಚಿಂದಿಗಳೆಲ್ಲ ಬಳಕೆಯಾಗುತ್ತವೆ. ತುಂಡು ಮಡಚುವಾಗ ಕಾಲು ಇಂಚಿಗಿಂತ ಕಡಿಮೆ ಮಡಚಿದರೆ ಎರಡನೇ ಒಗೆತಕ್ಕೆ ಎಳೆ ಬಿಚ್ಚಿಕೊಂಡು ಹೊರಗೆ ಇಣುಕುತ್ತದೆ. ಓರೆ ಕತ್ತರಿಸಿದ ತುಂಡನ್ನು ಎಳೆದು ಕೂರಿಸಬೇಡಿ, ಅದು ಹಿಗ್ಗಿ ಆಮೇಲೆ ಮುದುಡುತ್ತದೆ. ಮಾರುವಾಗ ಮಾತ್ರ ಸಿದ್ದಿ ಕವಂದ ಅಂತ ಹೆಸರು ಹಾಕಬೇಡಿ, ಅದು ಅವರ ಕೈಕೆಲಸದ ಹೆಸರು.

ಬಣ್ಣದ ಬಾನಿ (ಮೈಸೂರು):

ಉಪ್ಪಿನ ವಿಷಯ: ಬಣ್ಣ ಹಾಕುವಾಗ ಉಪ್ಪು ಕೆಲಸ ಮಾಡುತ್ತೆ. ಆದ್ರೆ ಹಾಕಿಯಾದ ಬಣ್ಣವನ್ನ ಮತ್ತೆ ಕಟ್ಟಿಹಾಕುತ್ತೆ ಅನ್ನೋದನ್ನ ನಂಬಿ ಬಿಳಿ ಬಟ್ಟೆ ಜೊತೆ ಹೊಲೀಬೇಡಿ. ಸಡಿಲ ಬಣ್ಣ ಹೋಗಲೇಬೇಕು. ಕೆಂಪನ್ನ ಬೇರೆ ಬಕೆಟ್ಟಲ್ಲಿ ಉಗುರುಬೆಚ್ಚಗಿನ ನೀರು, ಸೋಪಿನಪುಡಿಗೆ ಹಾಕಿ, ಅರ್ಧ ಗಂಟೆ ಬಿಟ್ಟು ಜಾಲಿಸಿ. ನೀರು ತಿಳಿಯಾಗೋವರೆಗೂ ಮತ್ತೆ ಮತ್ತೆ ಮಾಡಿ. ಆಮೇಲೆ ಒದ್ದೆ ಬಿಳಿ ಚೂರನ್ನ ಅದರ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಚೂರಿಗೆ ಗುಲಾಬಿ ಹತ್ತಿದ್ರೆ ಆ ಸೀರೆ ಗಾಢ ಬಣ್ಣಗಳ ಕೌದಿಗೆ ಮಾತ್ರ.

ಕೂಸಿನ ಕೌದಿಗೆ ಎರಡು ಮಾತು. ಜರಿ, ಮಣಿ, ಮಿಂಚು, ಗುಂಡಿ ಯಾವುದೂ ಬೇಡ, ಸಡಿಲ ದಾರದ ಕುಣಿಕೆಯಂತೂ ಬೇಡವೇ ಬೇಡ, ಕೂಸಿನ ಬೆರಳು ಸಿಕ್ಕಿಕೊಳ್ಳುತ್ತೆ. ಹಾಸೋಕೆ ಅಂತಲೇ ಕೊಡಿ, ಮಲಗಿದ ಎಳೆ ಕೂಸಿಗೆ ಹೊದಿಸೋಕೆ ಅಲ್ಲ ಅಂತ ಬಾಯಿಬಿಟ್ಟು ಹೇಳಿ, ಮುಖದ ಮೇಲೆ ಬಂದ್ರೆ ಉಸಿರಿಗೆ ತೊಂದರೆ. ವಾರ್ಡಿಗೆ ಒಯ್ಯೋ ಮುಂಚೆ ಅಲ್ಲಿನ ನರ್ಸಮ್ಮನವರನ್ನ ಕೇಳಿ, ಬಿಸಿನೀರಿನ ಒಗೆತ ತಡೆಯೋದು ಮಾತ್ರ ಬೇಕು ಅಂತಾರೆ ಕೆಲವು ಕಡೆ. ಹಾಗಾದ್ರೆ ಕೊಡೋ ಮುಂಚೆ ನೀವೇ ಒಂದು ಸಲ ಬಿಸಿನೀರಲ್ಲಿ ಒಗೆದು ನೋಡಿ.

ಸೂಜಿದಾರ:

ಎಲ್ಲರಿಗೂ ಥ್ಯಾಂಕ್ಸ್. ಕ್ಲಾಸಿಗೆ 30 × 36 ಅಂತ ತೀರ್ಮಾನ ಆಯ್ತು, ಅದನ್ನೇ ವಾರ್ಡಿಗೂ ಕೊಡಬಹುದು. ಇನ್ನೊಂದೇ ಪ್ರಶ್ನೆ. ಜನ ಕೊಟ್ಟ ಸೀರೆಗಳಲ್ಲಿ ಕೆಲವು ತುಂಬ ಹಳತು. ಯಾವುದು ತಡೆಯುತ್ತೆ, ಯಾವುದು ಇಲ್ಲ ಅಂತ ಹೊಲಿಯೋ ಮುಂಚೆ ಗೊತ್ತಾಗೋದು ಹೇಗೆ?

ಕೌದಿಮನಿ (ಧಾರವಾಡ):

ಮೊದಲ ಬೆಳಕಿಗೆ ಹಿಡೀರಿ. ಜಾಳ ಜಾಳಾಗಿ ಕಂಡಲ್ಲಿ ಎರಡೂ ಹೆಬ್ಬಟ್ಟು ಒಂದಕ್ಕೊಂದು ತಾಗಸಿ ಇಟ್ಟು, ಬಟ್ಟಿ ಬಿಗಿ ಹಿಡದು ಹೊರಗ ಜಗ್ಗರಿ. ಹಾಸಿನ ಕಡೆ ಒಂದ್ ಸಲ, ಹೊಕ್ಕಿನ ಕಡೆ ಒಂದ್ ಸಲ. ಪರ್ ಅಂದ್ರ ಅದು ಮ್ಯಾಲಿನ ಪದರಕ್ಕೂ ಬ್ಯಾಡ, ಅಸ್ತರಕ್ಕೂ ಬ್ಯಾಡ, ಒಳಗ ಹಾಕ್ರಿ. ಒಂದೇ ಕಡೆ ಹರದ್ರ ಅಷ್ಟ ಕತ್ತರಿಸಿ ಉಳದಿದ್ದು ಉಪಯೋಗಸ್ರಿ, ಸೀರಿ ಉಟ್ಟಾಗ ಕುಂಡಿ ಬರೂ ಜಾಗ, ನಿರಿಗಿ ತುದಿ ನೆಲಕ್ಕ ತಾಗೂ ಜಾಗ ಇವೆರಡೇ ಮೊದಲ ಸವಿಯೂದು. ಸೆರಗಿನ ಕಡಿಂದು ಹೆಚ್ಚಾಗಿ ಗಟ್ಟಿನೇ ಇರತೈತಿ.