ಮಿದುಳಿನ ರಕ್ತನಾಳಕ್ಕೆ ಸ್ಟೆಂಟ್: ಹಾಕಿಸಬೇಕೇ, ಕಾಯಬೇಕೇ?

ಶ್ರೀಧರ: ನಮ್ಮ ತಂದೆಯವರಿಗೆ 68 ವರ್ಷ. ಹತ್ತು ದಿನಗಳ ಹಿಂದೆ ಮಾತು ತೊದಲಿ, ಬಲಗೈ ಸ್ವಾಧೀನ ತಪ್ಪಿತ್ತು. ಈಗ ಉಪ್ಪಿಟ್ಟನ್ನು ತಾವೇ ಚಮಚ ಹಿಡಿದು ತಿನ್ನುವಷ್ಟು ಚೇತರಿಸಿಕೊಂಡಿದ್ದಾರೆ. ಮಿದುಳಿನ ಎಡಭಾಗದ ಮುಖ್ಯ ರಕ್ತನಾಳವೊಂದು ಶೇ. 80ರಷ್ಟು ಕಿರಿದಾಗಿದೆಯೆಂದು ಆಂಜಿಯೋಗ್ರಾಂನಲ್ಲಿ ಕಂಡಿದೆ. ಒಬ್ಬ ವೈದ್ಯರು ಈ ವಾರವೇ ಸ್ಟೆಂಟ್ (ನಾಳವನ್ನು ತೆರೆದಿಡುವ ಪುಟ್ಟ ಲೋಹದ ಜಾಲರಿ) ಹಾಕಿಸಿ ಎನ್ನುತ್ತಾರೆ, ಇನ್ನೊಬ್ಬರು ಮಾತ್ರೆಯೇ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಬೇಕೆಂದು ತಿಳಿಯುತ್ತಿಲ್ಲ.

ವಸುಂಧರಾ: ತಡಮಾಡಬೇಡಿ. ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದ ಮೂರೇ ಗಂಟೆಯಲ್ಲಿ ತೊಡೆಸಂದಿನಿಂದ ನಳಿಕೆ ತೂರಿಸಿ ಚಿಕಿತ್ಸೆ ಮಾಡಿದರು. ಮರುದಿನವೇ ಎದ್ದು ಕೂತರು.

ನರವೈದ್ಯ: ವಸುಂಧರಾ ಅವರೇ, ನಿಮ್ಮ ದೊಡ್ಡಪ್ಪನವರಿಗೆ ಮಾಡಿದ್ದು ಥ್ರಾಂಬೆಕ್ಟಮಿ, ಅಂದರೆ ನಾಳವನ್ನು ಥಟ್ಟನೆ ಮುಚ್ಚಿದ ಹೆಪ್ಪನ್ನು ಎಳೆದು ತೆಗೆಯುವುದು. ಅದರಲ್ಲಿ ನಿಮಿಷ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ನೆದರ್‌ಲ್ಯಾಂಡ್ಸ್‌ನ 500 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಎಂಆರ್ ಕ್ಲೀನ್ ಅಧ್ಯಯನದಲ್ಲಿ, ಮೂರು ತಿಂಗಳ ನಂತರ ಪರಾವಲಂಬನೆಯಿಲ್ಲದೆ ಬದುಕುತ್ತಿದ್ದವರು ಈ ಚಿಕಿತ್ಸೆ ಪಡೆದವರಲ್ಲಿ ಶೇ. 33ರಷ್ಟು, ಪಡೆಯದವರಲ್ಲಿ ಶೇ. 19ರಷ್ಟು. ಶ್ರೀಧರರ ತಂದೆಯವರದ್ದು ವರ್ಷಗಟ್ಟಲೆ ಕೊಬ್ಬು ಕಟ್ಟಿ ಕಿರಿದಾದ ನಾಳ. ಅಂಥ ನಾಳಕ್ಕೆ ಅವಸರದಲ್ಲಿ ಸ್ಟೆಂಟ್ ಹಾಕಿದಾಗ ಏನಾಯಿತೆಂಬುದು ಅಮೆರಿಕದ ಸ್ಯಾಂಪ್ರಿಸ್ ಅಧ್ಯಯನದಲ್ಲಿದೆ: 30 ದಿನಗಳೊಳಗೆ ಮತ್ತೆ ಪಾರ್ಶ್ವವಾಯು ಅಥವಾ ಸಾವು ಸ್ಟೆಂಟ್ ಗುಂಪಿನಲ್ಲಿ ಶೇ. 14.7, ಮಾತ್ರೆಗಳ ಗುಂಪಿನಲ್ಲಿ ಶೇ. 5.8. ಈ ಕಾರಣಕ್ಕೇ 2011ರಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು.

ಗಿರೀಶ: ಹೃದಯಕ್ಕೆ ದಿನನಿತ್ಯ ಹಾಕುವ ಸ್ಟೆಂಟ್ ಮಿದುಳಿಗೇಕೆ ಒಗ್ಗುವುದಿಲ್ಲ?

ನರವೈದ್ಯ: ಮಿದುಳಿನ ಆ ನಾಳದಿಂದ ಕೂದಲೆಳೆಯಂಥ ಕವಲುಗಳು ಹೊರಟು ಒಳಭಾಗಕ್ಕೆ ರಕ್ತ ಒಯ್ಯುತ್ತವೆ. ಸ್ಟೆಂಟ್ ಅರಳಿದಾಗ ಪಕ್ಕಕ್ಕೆ ಒತ್ತಲ್ಪಟ್ಟ ಕೊಬ್ಬು ಅವುಗಳ ಬಾಯಿಗೆ ಮೆತ್ತಿಕೊಳ್ಳಬಹುದು. ನಾಳದ ಗೋಡೆಯೂ ತೆಳು. ಹರಿದರೆ ರಕ್ತಸ್ರಾವ ತಲೆಬುರುಡೆಯೊಳಗೇ ಆಗುತ್ತದೆ.

ಗಿರೀಶ: ಆದರೂ 2011ರ ಫಲಿತಾಂಶವನ್ನೇ ಕೊನೆಯ ಮಾತೆನ್ನುವುದನ್ನು ನಾನು ಒಪ್ಪುವುದಿಲ್ಲ. 2024ರಲ್ಲಿ ಪ್ರಕಟವಾದ ಚೀನಾದ ಬೇಸಿಸ್ ಅಧ್ಯಯನದಲ್ಲಿ ಸ್ಟೆಂಟ್ ಬದಲು ನಾಳದೊಳಗೆ ಪುಟ್ಟ ಬಲೂನನ್ನು ನಿಧಾನವಾಗಿ, ಪೂರ್ತಿ ಅಗಲಿಸದೆ ಉಬ್ಬಿಸಿ, ಜೊತೆಗೆ ಮಾತ್ರೆಗಳನ್ನೂ ಕೊಟ್ಟವರಿಗೆ, ಬರೀ ಮಾತ್ರೆ ತೆಗೆದುಕೊಂಡವರಿಗಿಂತ ಒಳ್ಳೆಯದಾಗಿದೆ. ಈ ಕಾಯಿಲೆ ಏಷ್ಯಾದವರಲ್ಲೇ ಹೆಚ್ಚು. ಆದ್ದರಿಂದ ಅದು ನಮಗೂ ಅನ್ವಯಿಸಬಹುದಲ್ಲವೇ?

ನರವೈದ್ಯ: ನ್ಯಾಯವಾದ ಮಾತು, ಬಲೂನಿನ ದಾರಿಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದೇ ಅಧ್ಯಯನದಲ್ಲಿ ಬಲೂನ್ ಹಾಕಿಸಿಕೊಂಡ ಹಲವರಲ್ಲಿ ನಾಳದ ಒಳಪದರ ಬಿರಿದದ್ದೂ ದಾಖಲಾಗಿದೆ, ಮತ್ತು ಮಾಡಿದವರು ನುರಿತ ಕೈಗಳವರು. ಆದ್ದರಿಂದ ಶ್ರೀಧರರೇ, ಇಂಥದ್ದನ್ನು ಇದುವರೆಗೆ ಎಷ್ಟು ಮಾಡಿದ್ದೀರಿ, ಎಷ್ಟು ಜನರಿಗೆ ತೊಂದರೆಯಾಯಿತು ಎಂದು ಸ್ಟೆಂಟ್ ಸೂಚಿಸಿದವರನ್ನು ನೇರವಾಗಿ ಕೇಳಿ. ಮಾತ್ರೆ ಎಂದರೂ ಸಣ್ಣ ವಿಷಯವಲ್ಲ: ಸ್ಯಾಂಪ್ರಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ 90 ದಿನ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಬಿಪಿಯ ಮೇಲಿನ ಅಂಕಿ 140ರೊಳಗೆ, ಧೂಮಪಾನ ಬಂದ್ ಎಂದು ಕಟ್ಟುನಿಟ್ಟಾಗಿ ಪಾಲಿಸಿದ್ದೂ ಮಾತ್ರೆಗಳ ಗುಂಪು ಗೆಲ್ಲಲು ಕಾರಣ. ಮತ್ತೆ ಬಾಯಿ ಸೊಟ್ಟಗಾದರೆ, ಕೈ ಸೋತರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ.

ಶ್ರೀಧರ: ಅಪ್ಪನವರ ಬೀಡಿ ಕಟ್ಟು ಇನ್ನೂ ದಿಂಬಿನಡಿಯಲ್ಲೇ ಇದೆ, ಅದನ್ನು ಇವತ್ತೇ ತೆಗೆಯುತ್ತೇನೆ. ಸೋಮವಾರ ಆ ಎರಡು ಪ್ರಶ್ನೆಗಳನ್ನು ಕೇಳಿ ಬಂದು ಇಲ್ಲೇ ಬರೆಯುತ್ತೇನೆ.